‘ರಾಷ್ಟ್ರದ ತಾಯಿ’: ಜರ್ಮನ್ ದೂರದರ್ಶನ ನಟಿ ಇಂಗೆ ಮೈಸೆಲ್

ನಟನಿಗೆ ಸಲ್ಲುವ ಕೀರ್ತಿಯಲ್ಲಿ ಪಾತ್ರದ ಪಾಲೆಷ್ಟು, ನಟನ ಪಾಲೆಷ್ಟು ಎಂಬ ಪ್ರಶ್ನೆ ನಾಟ್ಯಮೀಮಾಂಸೆಯಷ್ಟೇ ಹಳೆಯದು. ಎರಡನೆಯ ಮಹಾಯುದ್ಧದ ತರುವಾಯ ಪಶ್ಚಿಮ ಜರ್ಮನಿಯಲ್ಲಿ ದೂರದರ್ಶನವು ಮನೆಮನೆಯನ್ನು ಹೊಕ್ಕಾಗ ಈ ಪ್ರಶ್ನೆಯು ಹೊಸದೊಂದು ರೂಪವನ್ನು ತಾಳಿತು. ಅದಕ್ಕೆ ಇಂಗೆ ಮೈಸೆಲ್ ಎಂಬ ನಟಿಯ ವೃತ್ತಿಜೀವನಕ್ಕಿಂತ ಉತ್ತಮವಾದ ನಿದರ್ಶನ ದೊರೆಯುವುದು ಕಷ್ಟ. ಸುಮಾರು ನಾಲ್ವತ್ತು ವರ್ಷಗಳ ಕಾಲ ಆ ದೇಶದ ಪತ್ರಿಕೆಗಳೂ ಪ್ರೇಕ್ಷಕರೂ ಈಕೆಯನ್ನು ‘ರಾಷ್ಟ್ರದ ತಾಯಿ’ ಎಂದು ಕರೆದರು. ಈ ಬಿರುದನ್ನು ಯಾವ ಸಭೆಯೂ ಯಾವ ಸರ್ಕಾರವೂ ಕೊಟ್ಟುದಲ್ಲ. ಅದು ಜನರ ಬಾಯಲ್ಲಿ ತಾನಾಗಿ ಹುಟ್ಟಿ ನಿಂತದ್ದು.

ಬಿರುದು ಹೀಗೆ ಸರ್ವಮಾನ್ಯವಾದರೂ ಮೂರು ಸಂಗತಿಗಳು ಅದಕ್ಕೆ ಅಡ್ಡವಾಗಿ ನಿಲ್ಲುತ್ತವೆ. ಮೊದಲನೆಯದಾಗಿ, ಈಕೆಗೆ ಮಕ್ಕಳಿರಲಿಲ್ಲ. ಎರಡನೆಯದಾಗಿ, ಯಾವ ರಾಷ್ಟ್ರವು ಈಕೆಯನ್ನು ತಾಯಿಯೆಂದಿತೋ ಅದೇ ರಾಷ್ಟ್ರದ ಹಿಂದಿನ ಪ್ರಭುತ್ವವು ಈಕೆ ಯೆಹೂದಿ ತಂದೆಯ ಮಗಳೆಂಬ ಒಂದೇ ಕಾರಣದಿಂದ ಹನ್ನೆರಡು ವರ್ಷಗಳ ಕಾಲ ಈಕೆಯನ್ನು ರಂಗದಿಂದ ದೂರವಿಟ್ಟಿತ್ತು. ಮೂರನೆಯದಾಗಿ, ಹೊಸ ಪ್ರಭುತ್ವವು ಸನ್ಮಾನಪದಕವನ್ನು ನೀಡಲು ಬಂದಾಗ ಈಕೆ ಅದನ್ನು ಬೇಡವೆಂದಳು. ಈ ಮೂರನ್ನೂ ಒಟ್ಟಿಗಿಟ್ಟು ನೋಡಿದಲ್ಲದೆ ಆ ಬಿರುದಿನ ಅರ್ಥವು ಸ್ಪಷ್ಟವಾಗದು.

೧

ಇಂಗೆ ಮೈಸೆಲ್ ೧೯೧೦ನೆಯ ಇಸವಿ ಮೇ ತಿಂಗಳ ೩೦ರಂದು ರಿಕ್ಸ್‌ಡೋರ್ಫ್ ಎಂಬಲ್ಲಿ ಜನಿಸಿದಳು. ಬರ್ಲಿನ್ನಿನ ಮಗ್ಗುಲಲ್ಲಿದ್ದ ಈ ಊರು ೧೯೧೨ರಲ್ಲಿ ನೊಯ್‌ಕೋಲ್ನ್ ಎಂದು ಹೆಸರು ಬದಲಿಸಿಕೊಂಡು ೧೯೨೦ರಲ್ಲಿ ಬರ್ಲಿನ್ ಮಹಾನಗರದೊಳಗೆ ಸೇರಿಹೋಯಿತು. ತಂದೆ ಯೂಲಿಯುಸ್ ಮೈಸೆಲ್ ಯೆಹೂದಿ ವರ್ತಕ, ತಾಯಿ ಡೆನ್ಮಾರ್ಕಿನವಳು. ನಗರದ ದುಡಿಯುವ ಜನರ ಚುರುಕಾದ, ಅರ್ಧ ಹಾಸ್ಯ ಅರ್ಧ ಮೊನಚಿನ ಬರ್ಲಿನ್ ಆಡುನುಡಿಯು ಈಕೆಯ ಕಿವಿಯಲ್ಲಿ ಚಿಕ್ಕಂದಿನಿಂದಲೇ ನೆಲೆಸಿತು. ಮುಂದೆ ಈಕೆಯ ಅಭಿನಯಕ್ಕೆ ಮುಖ್ಯ ಸಾಧನವಾದದ್ದು ಈ ನುಡಿಯೇ ಎಂಬುದನ್ನು ಮರೆಯಬಾರದು.

ನಟನಶಿಕ್ಷಣವನ್ನು ಈಕೆ ಪಡೆದದ್ದು ಬರ್ಲಿನ್ನಿನಲ್ಲಿ ಇಲ್ಕಾ ಗ್ರೂನಿಂಗ್ ಮತ್ತು ಲೂಸಿ ಹೋಫ್ಲಿಶ್ ಎಂಬ ಇಬ್ಬರು ಪ್ರಸಿದ್ಧ ನಟಿಯರ ಬಳಿ. ೧೯೩೦ರಲ್ಲಿ ಸ್ಯಾಕ್ಸನಿ ಪ್ರಾಂತದ ತ್ಸ್ವಿಕಾವ್ ಪಟ್ಟಣದ ನಾಟಕಶಾಲೆಯಲ್ಲಿ ಮೊದಲ ಬಾರಿಗೆ ರಂಗವೇರಿ, ಬಳಿಕ ಲೈಪ್‌ಜಿಗ್ ಮತ್ತು ಬರ್ಲಿನ್ ನಗರಗಳಲ್ಲಿ ನಟಿಸಿದಳು. ಇಪ್ಪತ್ತೆರಡರ ವಯಸ್ಸಿನಲ್ಲಿ ದಾರಿ ತೆರೆದಿರುವಂತೆಯೇ ತೋರಿತ್ತು.

೧೯೩೩ರ ಜನವರಿಯಲ್ಲಿ ಹಿಟ್ಲರನು ಅಧಿಕಾರಕ್ಕೆ ಬಂದನು. ಆ ವರ್ಷದ ಸೆಪ್ಟೆಂಬರ್ ೨೨ರಂದು ಹೊರಟ ಶಾಸನವೊಂದು ‘ರಾಷ್ಟ್ರೀಯ ಸಂಸ್ಕೃತಿ ಮಂಡಲ’ವನ್ನು ಸ್ಥಾಪಿಸಿ ಪ್ರಚಾರಮಂತ್ರಿ ಗೋಬೆಲ್ಸನ ಕೈಗೆ ಒಪ್ಪಿಸಿತು. ನಾಟಕ, ಚಲಚ್ಚಿತ್ರ, ಸಂಗೀತ, ಪತ್ರಿಕೆ, ಸಾಹಿತ್ಯ, ರೇಡಿಯೋ, ಚಿತ್ರಶಿಲ್ಪಾದಿ ಕಲೆಗಳು ಎಂದು ಏಳು ಶಾಖೆಗಳನ್ನುಳ್ಳ ಈ ಮಂಡಲದ ಸದಸ್ಯತ್ವವಿಲ್ಲದವರು ಆಯಾ ವೃತ್ತಿಯನ್ನು ಅವಲಂಬಿಸುವಂತಿರಲಿಲ್ಲ. ಆದುದರಿಂದ ಒಬ್ಬ ನಟಿಯ ಬಾಯಿ ಕಟ್ಟಲು ಸೆರೆಮನೆಯ ಅವಶ್ಯಕತೆಯೇ ಇರಲಿಲ್ಲ. ಸದಸ್ಯತ್ವವನ್ನು ನಿರಾಕರಿಸಿದರೆ ಸಾಕಾಗಿತ್ತು. ೧೯೩೫ರ ನ್ಯೂರೆಂಬರ್ಗ್ ಶಾಸನಗಳ ಪ್ರಕಾರ ಮೈಸೆಲಳಂಥವರು ‘ಮೊದಲ ದರ್ಜೆಯ ಮಿಶ್ರಸಂತತಿ’ ಎಂಬ ಹೆಸರಿಗೆ ಗುರಿಯಾದರು. ವಿದ್ಯೆ, ಪ್ರತಿಭೆ, ನಡತೆ ಇವುಗಳಲ್ಲಿ ಯಾವುದನ್ನೂ ಪರಿಗಣಿಸದೆ ಅಜ್ಜ ಅಜ್ಜಿಯರ ಮತವನ್ನು ಎಣಿಸಿ ಮನುಷ್ಯನ ಸ್ಥಾನವನ್ನು ಗೊತ್ತುಮಾಡುವ ಲೆಕ್ಕವದು.

ಮೈಸೆಲ್ ನಟ ಹೆಲ್ಮುಟ್ ರುಡೋಲ್ಫನೊಡನೆ ಡಾನ್‌ಜಿಗ್ ನಗರದಲ್ಲಿ ನೆಲೆಸಿ, ದೂರವಾಣಿ ಕಛೇರಿಯ ಕೆಲಸವನ್ನೂ ಯಂತ್ರಗಳ ನಕ್ಷೆ ಬರೆಯುವ ಕೆಲಸವನ್ನೂ ಮಾಡಿ ಜೀವಿಸಿದಳು. ತಂದೆಯ ಆಸ್ತಿಯು ಮುಟ್ಟುಗೋಲಾಯಿತು. ಆತನು ನೆಲಮಾಳಿಗೆಯಲ್ಲಿ ಅಡಗಿದ್ದು ಪ್ರಾಣ ಉಳಿಸಿಕೊಂಡನು. ಗುರುವಾದ ಇಲ್ಕಾ ಗ್ರೂನಿಂಗಳು ತಾನೂ ಯೆಹೂದಿಯಾದ ಕಾರಣ ಅಮೆರಿಕಕ್ಕೆ ವಲಸೆ ಹೋದಳು. ೧೯೪೨ರ ‘ಕಾಸಾಬ್ಲಾಂಕಾ’ ಚಿತ್ರದಲ್ಲಿ, ಅಮೆರಿಕಕ್ಕೆ ಹೊರಟು ನಿಂತು ತಡವರಿಸುತ್ತ ಇಂಗ್ಲಿಷನ್ನು ಅಭ್ಯಾಸಮಾಡುವ ವೃದ್ಧ ದಂಪತಿಗಳಲ್ಲಿ ಹೆಂಡತಿಯ ಪಾತ್ರ ಈಕೆಯದು. ಗುರುವಿಗೆ ಪರದೇಶದಲ್ಲಿ ಪರಕೀಯಳ ಪಾತ್ರ ದೊರೆಯಿತು. ಶಿಷ್ಯೆಗೆ ಸ್ವದೇಶದಲ್ಲಿ ಯಾವ ಪಾತ್ರವೂ ದೊರೆಯಲಿಲ್ಲ.

೨

ಮೈಸೆಲಳ ಬಾಯಿ ಕಟ್ಟಿದ್ದ ಪ್ರಭುತ್ವವು ಅದೇ ವರ್ಷಗಳಲ್ಲಿ ತಾಯ್ತನವನ್ನು ಹೇಗೆ ಕಂಡಿತೆಂಬುದನ್ನು ಇಲ್ಲಿ ನೋಡಬೇಕಾಗುತ್ತದೆ. ಮುಂದಿನ ಕಥೆಗೆ ಅದು ಭೂಮಿಕೆ. ಜರ್ಮನಿಯಲ್ಲಿ ‘ತಾಯಂದಿರ ದಿನ’ದ ಆಚರಣೆಯನ್ನು ೧೯೨೩ರಲ್ಲಿ ಆರಂಭಿಸಿದವರು ಹೂವಿನ ಅಂಗಡಿಗಳವರ ಸಂಘದವರು. ವ್ಯಾಪಾರಕ್ಕಾಗಿ ಹುಟ್ಟಿದ ಈ ದಿನವನ್ನು ನಾತ್ಸಿ ಪ್ರಭುತ್ವವು ರಾಜಕೀಯದ ಹಬ್ಬವನ್ನಾಗಿ ಮಾಡಿಕೊಂಡಿತು. ೧೯೩೮ರ ಡಿಸೆಂಬರಿನಲ್ಲಿ ‘ಮಾತೃಶಿಲುಬೆ’ ಎಂಬ ಪದಕವನ್ನು ಸ್ಥಾಪಿಸಿ ಮರುವರ್ಷ ತಾಯಂದಿರ ದಿನದಿಂದ ಹಂಚತೊಡಗಿತು. ನಾಲ್ಕು ಅಥವಾ ಐದು ಮಕ್ಕಳನ್ನು ಹೆತ್ತವಳಿಗೆ ಕಂಚು, ಆರು ಅಥವಾ ಏಳಕ್ಕೆ ಬೆಳ್ಳಿ, ಎಂಟು ಮತ್ತು ಅದಕ್ಕೂ ಮೇಲ್ಪಟ್ಟರೆ ಚಿನ್ನ. ಆದರೆ ತಂದೆತಾಯಿಗಳಿಬ್ಬರೂ ‘ಜರ್ಮನ್ ರಕ್ತ’ದವರಾಗಿರಬೇಕೆಂಬುದು ನಿಬಂಧನೆ. ತಾಯ್ತನವು ಇಲ್ಲಿ ವಾತ್ಸಲ್ಯವಲ್ಲ; ಸೈನ್ಯಕ್ಕೆ ಆಳನ್ನು ಒದಗಿಸುವ ಉತ್ಪತ್ತಿಯ ಲೆಕ್ಕ. ಆ ಲೆಕ್ಕದಲ್ಲಿ ಮೈಸೆಲಳಿಗೆ ಎಡೆಯೇ ಇರಲಿಲ್ಲ.

ಇಂತಹ ಕಾಲವನ್ನು ಕಳೆದು ಬಂದ ದೇಶದಲ್ಲಿ ‘ರಾಷ್ಟ್ರ’ ಮತ್ತು ‘ತಾಯಿ’ ಎಂಬ ಎರಡು ಶಬ್ದಗಳನ್ನು ಒಟ್ಟಿಗೆ ಸೇರಿಸುವುದು ಸುಲಭವಾದ ಮಾತಲ್ಲ. ಎರಡೂ ಮಲಿನವಾಗಿದ್ದ ಶಬ್ದಗಳು. ಅವು ಮತ್ತೆ ಒಂದು ಹೆಸರಾಗಿ ಕೂಡಿಬಂದುದು, ಅದೂ ಆ ಪ್ರಭುತ್ವವು ಹೊರಗಿಟ್ಟಿದ್ದವಳ ತಲೆಯ ಮೇಲೆ, ಗಮನಾರ್ಹವಾದ ಸಂಗತಿ.

೩

೧೯೪೫ರಲ್ಲಿ ಯುದ್ಧವು ಮುಗಿದಾಗ ಮೈಸೆಲಳಿಗೆ ಮೂವತ್ತೈದು ವರ್ಷ. ಯುವತಿಯ ಪಾತ್ರಗಳ ಕಾಲವು ಒಂದನ್ನೂ ಕೊಡದೆ ಕಳೆದುಹೋಗಿತ್ತು. ಬ್ರಿಟಿಷರ ಆಡಳಿತಕ್ಕೊಳಪಟ್ಟಿದ್ದ ಹಾಂಬುರ್ಗ್ ನಗರದ ಥಾಲಿಯಾ ನಾಟಕಶಾಲೆಗೆ ಅದರ ನಿರ್ದೇಶಕ ವಿಲ್ಲಿ ಮೇರ್ಟೆನ್ಸನು ಈಕೆಯನ್ನು ಸೇರಿಸಿಕೊಂಡನು. ವಿಯೆನ್ನಾದಿಂದ ವಲಸೆ ಹೋಗಿ, ಬ್ರಿಟಿಷ್ ಸೈನ್ಯದ ನಾಟಕಾಧಿಕಾರಿಯಾಗಿ ಮರಳಿ ಬಂದಿದ್ದ ಜಾನ್ ಓಲ್ಡೆನನ ಪರಿಚಯವಾದದ್ದೂ ಇಲ್ಲಿಯೇ. ರುಡೋಲ್ಫನಿಂದ ವಿಚ್ಛೇದನವಾದ ಬಳಿಕ ೧೯೫೬ರಲ್ಲಿ ಓಲ್ಡೆನನು ಈಕೆಯ ಎರಡನೆಯ ಪತಿಯಾದನು. ಆತನು ದೂರದರ್ಶನ ನಾಟಕಗಳ ಸಮರ್ಥ ನಿರ್ದೇಶಕನೆಂದು ಹೆಸರಾದವನು. ‘ದೆವ್ವದ ದಳಪತಿ’ (೧೯೫೫), ‘ಸರ್ಕಾರಿ ವಕೀಲನಿಗೆ ಗುಲಾಬಿಗಳು’ (೧೯೫೯) ಮೊದಲಾದ ಚಲಚ್ಚಿತ್ರಗಳಲ್ಲಿ ಮೈಸೆಲಳಿಗೆ ಸಣ್ಣ ಪಾತ್ರಗಳು ದೊರೆತವು. ಎರಡೂ ನಾತ್ಸಿ ಕಾಲದ ಹೊಣೆಯನ್ನು ಕುರಿತ ಚಿತ್ರಗಳೇ.

ನಿಜವಾದ ಕೀರ್ತಿಯು ಬಂದದ್ದು ಐವತ್ತರ ಹೊಸ್ತಿಲಲ್ಲಿ. ಕುರ್ಟ್ ಫ್ಲಾಟೋ ಮತ್ತು ಹೋರ್ಸ್ಟ್ ಪಿಲ್ಲಾವ್ ಇಬ್ಬರೂ ಕೂಡಿ ಬರೆದ ‘ಓಣಿಗೆ ತೆರೆದ ಕಿಟಕಿ’ ಎಂಬ ಜನಪ್ರಿಯ ನಾಟಕವು ಬರ್ಲಿನ್ನಿನ ಹೆಬೆಲ್ ನಾಟಕಶಾಲೆಯಲ್ಲಿ ಪ್ರಯೋಗವಾಯಿತು. ಅದರ ನಾಯಿಕೆ ಆನಿ ವೀಸ್ನರ್ ಎಂಬವಳು ಬಾಡಿಗೆ ಮನೆಗಳ ಕಟ್ಟಡವೊಂದನ್ನು ನೋಡಿಕೊಳ್ಳುವವಳು. ಆಕೆಯ ಮನೆಯ ಕಿಟಕಿಗೆ ಆಕಾಶ ಕಾಣದು, ಕಾಣುವುದು ಓಣಿಯೊಂದೇ. ತಾನು ಕಾಣದ ಬೆಳಕನ್ನು ಮಕ್ಕಳಾದರೂ ಕಾಣಲೆಂದು ಅವರನ್ನು ಮೇಲಕ್ಕೆ ತಳ್ಳುವಳು. ಅವರ ಬದುಕನ್ನು ತಾನೇ ಗೊತ್ತುಮಾಡಹೊರಟು ಸೋಲುವಳು. ಈ ಪಾತ್ರದಲ್ಲಿ ಮೈಸೆಲಳನ್ನು ಕಂಡ ಮೇಲೆಯೇ ‘ರಾಷ್ಟ್ರದ ತಾಯಿ’ ಎಂಬ ಮಾತು ಹುಟ್ಟಿತೆನ್ನುತ್ತಾರೆ. ನಾಟಕವು ದೂರದರ್ಶನದಲ್ಲಿಯೂ ಪ್ರಸಾರವಾಯಿತು. ೧೯೬೨ರಲ್ಲಿ ‘ಆಕೆಯ ಅತ್ಯಂತ ಸುಂದರ ದಿನ’ ಎಂಬ ಹೆಸರಿನಿಂದ ಚಲಚ್ಚಿತ್ರವೂ ಆಯಿತು.

೪

ರಂಗದ ಮೇಲಿನ ಯಶಸ್ಸು ಒಂದು ನಗರದ್ದು. ಅದನ್ನು ದೇಶದ್ದನ್ನಾಗಿ ಮಾಡಿದುದು ದೂರದರ್ಶನ. ಪಶ್ಚಿಮ ಜರ್ಮನಿಯಲ್ಲಿ ಕ್ರಮವಾದ ಪ್ರಸಾರವು ೧೯೫೨ರ ಕ್ರಿಸ್‌ಮಸ್ ದಿನದಂದು ಆರಂಭವಾಯಿತು. ಆಗ ಯಂತ್ರವುಳ್ಳ ಮನೆಗಳು ಕೆಲವೇ ಸಾವಿರ. ೧೯೫೭ರಲ್ಲಿ ನೋಂದಾಯಿತ ಗ್ರಾಹಕರ ಸಂಖ್ಯೆ ಹತ್ತು ಲಕ್ಷಕ್ಕೆ ಮುಟ್ಟಿತು. ಎರಡನೆಯ ರಾಷ್ಟ್ರೀಯ ಪ್ರಸಾರಸಂಸ್ಥೆಯು ಕೆಲಸವನ್ನಾರಂಭಿಸಿದುದು ೧೯೬೩ರ ಏಪ್ರಿಲ್ ೧ರಂದು. ಖಾಸಗಿ ಸಂಸ್ಥೆಗಳು ಬಂದುದು ೧೯೮೪ರಲ್ಲಿ. ಈ ಎರಡು ವರ್ಷಗಳ ನಡುವಣ ಕಾಲದಲ್ಲಿ ಪ್ರೇಕ್ಷಕನಿಗೆ ಆಯ್ಕೆಯು ಅಲ್ಪ. ಸಂಜೆ ಒಂದು ನಾಟಕವು ಪ್ರಸಾರವಾದರೆ ದೇಶದ ಬಹುಭಾಗ ಅದನ್ನೇ ನೋಡಿ, ಮರುದಿನ ಕಾರ್ಖಾನೆ ಕಛೇರಿಗಳಲ್ಲಿ ಅದನ್ನೇ ಕುರಿತು ಮಾತನಾಡುತ್ತಿತ್ತು. ಒಬ್ಬ ನಟಿಯ ಮುಖವು ಇಡೀ ದೇಶಕ್ಕೆ ಮನೆಯವರ ಮುಖದಂತೆ ಪರಿಚಿತವಾಗಲು ಇಂತಹ ವ್ಯವಸ್ಥೆ ಬೇಕು. ಅದು ಹಿಂದೆ ಇರಲಿಲ್ಲ, ಮುಂದೆ ಉಳಿಯಲೂ ಇಲ್ಲ.

ಈ ಕಾಲದ ಮಧ್ಯದಲ್ಲಿ, ೧೯೬೫ರಿಂದ ೧೯೭೧ರವರೆಗೆ, ಉತ್ತರ ಜರ್ಮನ್ ಪ್ರಸಾರಸಂಸ್ಥೆಯು ‘ತಿದ್ದಲಾಗದವರು’ ಎಂಬ ಮಾಲಿಕೆಯನ್ನು ಸಿದ್ಧಪಡಿಸಿತು. ಬರೆದವನು ರೋಬರ್ಟ್ ಸ್ಟ್ರೋಂಬರ್ಗರ್. ನಿರ್ದೇಶಕನು ಕ್ಲೌಸ್ ಪೇಟರ್ ವಿಟ್. ವರ್ಷಕ್ಕೊಂದರಂತೆ ಒಟ್ಟು ಏಳೇ ಕಂತುಗಳು; ಒಂದೊಂದೂ ಪೂರ್ಣ ಚಲಚ್ಚಿತ್ರದಷ್ಟು ದೀರ್ಘ. ಪ್ರಸಾರಕ್ಕೆ ಆರಿಸಿದ ದಿನವು ತಾಯಂದಿರ ದಿನ. ಮೈಸೆಲಳದು ಷೋಲ್ತ್ಸ್ ಕುಟುಂಬದ ಯಜಮಾನಿ ಕೇಟೆಯ ಪಾತ್ರ. ಗಂಡ ಕುರ್ಟನ ಪಾತ್ರವನ್ನು ಯೋಸೆಫ್ ಓಫೆನ್‌ಬಾಖನೂ ಅಜ್ಜಿಯ ಪಾತ್ರವನ್ನು ಆಗ್ನೆಸ್ ವಿಂಡೆಕಳೂ ವಹಿಸಿದರು. ಓಫೆನ್‌ಬಾಖನು ೧೯೭೧ರಲ್ಲಿ ನಿಧನಹೊಂದಿದನು. ಮಾಲಿಕೆಯೂ ಆ ವರ್ಷವೇ ಮುಗಿಯಿತು.

ಹಿಂದೆ ಪದಕ ಹಂಚುತ್ತಿದ್ದ ಹಬ್ಬದ ದಿನದಂದೇ ಈಗ ಮನೆಯ ಮೂಲೆಯಲ್ಲಿ ಬೆಳಗಿದ ತಾಯಿಯು ಎಂತಹವಳು? ಆಕೆಯು ಮೌನವಾಗಿ ತ್ಯಾಗಮಾಡುವ ಮೂರ್ತಿಯಲ್ಲ. ಜಗಳವಾಡುವಳು, ಗೊಣಗುವಳು, ಮಕ್ಕಳ ವಿಷಯದಲ್ಲಿ ಕೈಹಾಕಿ ಕೆಡಿಸುವಳು, ಆಮೇಲೆ ತಾನೇ ಮುಂದೆ ನಿಂತು ಒಡೆದುದನ್ನು ಕೂಡಿಸಲು ಯತ್ನಿಸುವಳು. ಹಣದ ಅಡಚಣೆ, ನೆರೆಯವರ ಮುಂದೆ ಮಾನ ಕಾಯ್ದುಕೊಳ್ಳುವ ಹಟ, ಬೆಳೆದ ಮಕ್ಕಳ ಅವಿಧೇಯತೆ, ಇವೇ ಕಥೆಯ ವಸ್ತು. ಮಾಲಿಕೆಯ ಹೆಸರೇ ಸೂಚಿಸುವಂತೆ ಯಾರೂ ಕೊನೆಗೆ ತಿದ್ದಿಕೊಳ್ಳುವುದಿಲ್ಲ. ಹಬ್ಬದ ದಿನ ಪ್ರೇಕ್ಷಕನ ಮುಂದೆ ಹೂಮಾಲೆಯನ್ನು ಇಡುವ ಬದಲು ಕನ್ನಡಿಯನ್ನು ಇಟ್ಟುದು ಈ ಕೃತಿಯ ಹೆಚ್ಚುಗಾರಿಕೆ.

ಆ ಕಾಲದ ಕಾನೂನನ್ನು ನೆನೆದರೆ ಈ ಪಾತ್ರದ ತೂಕವು ಇನ್ನೂ ಚೆನ್ನಾಗಿ ತಿಳಿಯುವುದು. ಪಶ್ಚಿಮ ಜರ್ಮನಿಯ ನಾಗರಿಕ ಸಂಹಿತೆಯ ಪ್ರಕಾರ ೧೯೭೭ರ ಮಧ್ಯಭಾಗದವರೆಗೂ ವಿವಾಹಿತೆಯು ಹೊರಗೆ ದುಡಿಯುವ ಹಕ್ಕು, ಅದು ಆಕೆಯ ಸಂಸಾರದ ಕರ್ತವ್ಯಗಳಿಗೆ ಹೊಂದಿಕೆಯಾಗುವ ಮಟ್ಟಿಗೆ ಮಾತ್ರ ಇತ್ತು. ಕಾನೂನಿನಲ್ಲಿ ಮನೆಯಾಕೆಯಾದವಳು ವ್ಯವಹಾರದಲ್ಲಿ ಮನೆಯ ಭಾರವನ್ನೆಲ್ಲ ಹೊರುವವಳು. ಯುದ್ಧದಲ್ಲಿ ಗಂಡಂದಿರನ್ನು ಕಳೆದುಕೊಂಡು, ಇಟ್ಟಿಗೆಯ ರಾಶಿಗಳ ನಡುವೆ ಮಕ್ಕಳನ್ನು ಸಾಕಿದ ಸ್ತ್ರೀಯರ ಪೀಳಿಗೆಯು ಕೇಟೆಯ ಒರಟು ಮಾತಿನಲ್ಲಿ ತನ್ನ ದನಿಯನ್ನು ಗುರುತಿಸಿದುದರಲ್ಲಿ ಆಶ್ಚರ್ಯವಿಲ್ಲ.

೫

ಇದೇ ವರ್ಷಗಳಲ್ಲಿ ಮೈಸೆಲ್ ‘ಗೆರ್‌ಟ್ರೂಡ್ ಸ್ಟ್ರಾನಿಟ್ಸ್ಕಿ’ (೧೯೬೬), ಐದು ಗಂಡುಮಕ್ಕಳ ತಾಯಿಯ ಕಥೆಯಾದ ‘ಇಡಾ ರೊಗಾಲ್ಸ್ಕಿ’ (೧೯೬೯) ಎಂಬ ಮಾಲಿಕೆಗಳಲ್ಲಿಯೂ ಮುಖ್ಯ ಪಾತ್ರವನ್ನು ವಹಿಸಿದಳು. ಆದರೆ ಸಾಹಿತ್ಯದ ಅಧ್ಯಾಪಕರು ವಿಶೇಷವಾಗಿ ಲಕ್ಷಿಸಬೇಕಾದುದು ೧೯೬೯ರಲ್ಲಿ ಪೇಟರ್ ಬೋವೆಯು ದೂರದರ್ಶನಕ್ಕಾಗಿ ನಿರ್ದೇಶಿಸಿದ ‘ಇಲಿಗಳು’. ಇದು ಗೆರ್‌ಹಾರ್ಟ್ ಹೌಪ್ಟ್‌ಮನ್ ೧೯೧೧ರಲ್ಲಿ ಪ್ರಕಟಿಸಿದ, ಬರ್ಲಿನ್ನಿನ ಬಡವರ ಬಾಳನ್ನು ಕುರಿತ ದುರಂತನಾಟಕ. ತನ್ನ ಕೂಸನ್ನು ಕಳೆದುಕೊಂಡ ಶ್ರೀಮತಿ ಯೋನ್ ಎಂಬವಳು ಅವಿವಾಹಿತೆಯಾದ ಸೇವಕಿಯೊಬ್ಬಳ ಶಿಶುವನ್ನು ಪಡೆದು, ಅದು ತಾನು ಹೆತ್ತುದೇ ಎಂದು ಗಂಡನನ್ನು ನಂಬಿಸುವಳು. ಹೆತ್ತವಳು ಮಗುವನ್ನು ಕೇಳಿಕೊಂಡು ಮರಳಿ ಬರುವಳು. ಯೋನಳ ತಮ್ಮನ ಕೈಯಿಂದ ಆಕೆಯ ಕೊಲೆಯಾಗುವುದು. ಸತ್ಯವು ಹೊರಬಿದ್ದಾಗ ಯೋನ್ ತನ್ನ ಪ್ರಾಣವನ್ನು ತಾನೇ ಕಳೆದುಕೊಳ್ಳುವಳು. ಹೆರದೆಯೇ ತಾಯಿಯಾಗಬಯಸಿದವಳ ಈ ಪಾತ್ರವನ್ನು ವಹಿಸಿದವಳು ಮೈಸೆಲ್. ನಗಿಸುವ ತಾಯಿಯನ್ನು ಮಾತ್ರ ಕಂಡಿದ್ದವರಿಗೆ ಅದೇ ಬರ್ಲಿನ್ ಆಡುನುಡಿಯಲ್ಲಿ ಇಂತಹ ಕರುಣವೂ ಅಡಗಿದೆಯೆಂಬುದು ಇಲ್ಲಿ ಗೊತ್ತಾಗುತ್ತದೆ.

ಪಾತ್ರ ಮತ್ತು ನಟಿಯರ ಸಂಬಂಧವನ್ನು ತಿಳಿಯಲು ಭಾರತೀಯ ರಸಮೀಮಾಂಸೆಯ ಪರಿಭಾಷೆಯು ಇಲ್ಲಿ ಉಪಕಾರಕವಾದೀತು. ಶಂಕುಕನು ನಟನಲ್ಲಿ ಉಂಟಾಗುವ ರಾಮಾದಿ ಪ್ರತೀತಿಯನ್ನು ಚಿತ್ರದಲ್ಲಿ ಬರೆದ ಕುದುರೆಗೆ ಹೋಲಿಸಿದನು. ಅದು ಸತ್ಯಜ್ಞಾನವೂ ಅಲ್ಲ, ಭ್ರಾಂತಿಯೂ ಅಲ್ಲ, ಸಂಶಯವೂ ಅಲ್ಲ; ಇವೆಲ್ಲಕ್ಕೂ ಬೇರೆಯಾದೊಂದು ಪ್ರತೀತಿ. ಆದರೆ ಆ ವಿಚಾರವು ಹೊರಟದ್ದು ವೇಷ, ದೀಪ, ರಂಗಭೂಮಿಗಳ ಅಂತರವಿದ್ದ ಕಲೆಯಿಂದ. ದೂರದರ್ಶನದಲ್ಲಿ ಆ ಅಂತರವು ಕುಗ್ಗುತ್ತದೆ. ರಾಮನ ವೇಷಧಾರಿಗೆ ಕಿರೀಟವಿದೆ. ಕೇಟೆ ಷೋಲ್ತ್ಸಳಿಗೆ ಇರುವುದು ಪ್ರೇಕ್ಷಕನ ತಾಯಿಯು ಉಟ್ಟಂತಹ ಬಟ್ಟೆ, ಪ್ರೇಕ್ಷಕನ ಅಡಿಗೆಮನೆಯಂತಹ ಅಡಿಗೆಮನೆ. ಬರೆದ ಕುದುರೆಯು ಲಾಯದಲ್ಲಿಯೇ ಕಟ್ಟಿಹಾಕಿದಂತೆ ಕಂಡರೆ ನೋಡುವವನು ಅದನ್ನು ಏರಹೊರಡುವುದು ಸಹಜವೇ. ಭಟ್ಟನಾಯಕನು ಹೇಳಿದ ಸಾಧಾರಣೀಕರಣದಲ್ಲಿ ಪಾತ್ರದ ತಾಯ್ತನವು ‘ಇಂತಹವಳದು’ ಎಂಬ ಕಟ್ಟನ್ನು ಕಳಚಿ ಎಲ್ಲರ ಅನುಭವಕ್ಕೂ ಒದಗಬೇಕು. ಇಲ್ಲಿ ಆದದ್ದು ಅದಕ್ಕೆ ವಿಪರೀತ. ಎಲ್ಲರದಾಗಬೇಕಿದ್ದ ತಾಯ್ತನವು ಒಬ್ಬ ವ್ಯಕ್ತಿಗೆ ಅಂಟಿಕೊಂಡು ಆಕೆಯ ಹೆಸರಾಗಿಬಿಟ್ಟಿತು.

೬

ಆ ಹೆಸರು ಹೊರೆಯೂ ಆಗಬಹುದಿತ್ತು. ತಾಯಿಯೆಂದು ಕರೆದವರು ತಾಯಿಯಂತೆಯೇ ನಡೆಯಬೇಕೆಂದು ಅಪೇಕ್ಷಿಸುತ್ತಾರೆ. ತಾಯಿಯು ಎಲ್ಲವನ್ನೂ ಕ್ಷಮಿಸಬೇಕು, ಯಾವ ಪಕ್ಷವನ್ನೂ ಹಿಡಿಯಬಾರದು. ಮೈಸೆಲ್ ಈ ಒಳ ಒಪ್ಪಂದಕ್ಕೆ ಒಳಪಡಲಿಲ್ಲ. ೧೯೭೨ರ ಚುನಾವಣೆಯಲ್ಲಿ, ನಾತ್ಸಿ ಕಾಲವನ್ನು ದೇಶಭ್ರಷ್ಟನಾಗಿ ಕಳೆದಿದ್ದ ವಿಲ್ಲಿ ಬ್ರಾಂಟನ ಪರವಾಗಿ ಬಹಿರಂಗವಾಗಿ ನಿಂತಳು. ೧೯೭೮ರಲ್ಲಿ ಅಲೀಸ್ ಶ್ವಾರ್ಟ್ಸರ್ ಮೊದಲಾದ ಸ್ತ್ರೀಯರೊಡನೆ ಸೇರಿ, ಮುಖಪುಟದ ಚಿತ್ರಗಳಲ್ಲಿ ಹೆಣ್ಣನ್ನು ಹೀನಾಯವಾಗಿ ತೋರಿಸುತ್ತಿದೆಯೆಂದು ‘ಸ್ಟರ್ನ್’ ವಾರಪತ್ರಿಕೆಯ ಮೇಲೆ ಹಾಂಬುರ್ಗಿನ ನ್ಯಾಯಾಲಯದಲ್ಲಿ ದಾವೆ ಹೂಡಿದಳು. ದಾವೆಯು ವಜಾ ಆಯಿತು. ಆದರೂ ಆ ಪ್ರಶ್ನೆಯು ದೇಶದ ಚರ್ಚೆಗೆ ಬಂದುದು ಅದರಿಂದಲೇ. ತೊಂಬತ್ತರ ದಶಕದಲ್ಲಿ, ಮನುಷ್ಯನು ಮರ್ಯಾದೆಯಿಂದ ಸಾಯುವ ಹಕ್ಕಿಗಾಗಿ ದುಡಿಯುವ ಸಂಘವೊಂದರ ಪರವಾಗಿಯೂ ಮಾತನಾಡಿದಳು.

ಎಲ್ಲಕ್ಕಿಂತ ಮುಖ್ಯವಾದುದು ೧೯೮೧ರ ಘಟನೆ. ಗಣರಾಜ್ಯವು ತನ್ನ ಸೇವಾಶಿಲುಬೆಯೆಂಬ ಪದಕವನ್ನು ಈಕೆಗೆ ನೀಡಲು ಮುಂದಾಯಿತು. ಒಬ್ಬಳು ತನ್ನ ಬಾಳನ್ನು ಸಭ್ಯವಾಗಿ ಬಾಳಿದುದಕ್ಕೆ ಪದಕವೇತಕ್ಕೆ ಎಂಬರ್ಥದ ಮಾತಿನಿಂದ ಈಕೆ ಅದನ್ನು ನಿರಾಕರಿಸಿದಳು. ಈ ಮಾತನ್ನು ಕೇವಲ ವಿನಯವೆಂದು ಬಗೆಯುವುದು ಸರಿಯಲ್ಲ. ಹೆತ್ತ ಮಕ್ಕಳನ್ನೆಣಿಸಿ ತಾಯಂದಿರಿಗೆ ಶಿಲುಬೆಗಳನ್ನು ಕಟ್ಟುತ್ತಿದ್ದ ಕಾಲದಲ್ಲಿ ಇದೇ ದೇಶದಲ್ಲಿ ಹೊರಗಿನವಳಾಗಿ ಬದುಕಿದ್ದವಳು ಈಕೆ. ಸಭ್ಯತೆಯು ಆಗ ಅಪರೂಪವೂ ಅಪಾಯಕರವೂ ಆಗಿತ್ತು. ಅದು ಎಲ್ಲರಿಂದಲೂ ಅಪೇಕ್ಷಿಸತಕ್ಕ ಸಾಮಾನ್ಯ ಧರ್ಮವೇ ಹೊರತು ಪದಕಕ್ಕೆ ಯೋಗ್ಯವಾದ ಸಾಹಸವಾಗಬಾರದು ಎಂಬ ಅಭಿಪ್ರಾಯವನ್ನು ಆ ನಿರಾಕರಣೆಯಲ್ಲಿ ಓದಬಹುದು.

ವೃತ್ತಿಯನ್ನು ಮಾತ್ರ ಈಕೆ ಕೊನೆಯವರೆಗೂ ಬಿಡಲಿಲ್ಲ. ಪಾಲ್ ಗ್ಯಾಲಿಕೋ ಎಂಬ ಅಮೆರಿಕನ್ ಲೇಖಕನ ಕಥೆಯನ್ನವಲಂಬಿಸಿ ೧೯೮೨ರಲ್ಲಿ ಆರಂಭವಾದ ಚಿತ್ರಗಳಲ್ಲಿ, ಪ್ಯಾರಿಸ್ಸಿನ ಬೆಲೆಬಾಳುವ ಉಡುಪೊಂದಕ್ಕೆ ಆಸೆಪಟ್ಟು ಹಣ ಕೂಡಿಡುವ ಲಂಡನ್ನಿನ ಮನೆಗೆಲಸದಾಕೆ ಶ್ರೀಮತಿ ಹ್ಯಾರಿಸಳಾಗಿ ಹೊಸ ಪ್ರೇಕ್ಷಕರನ್ನು ಗಳಿಸಿದಳು. ಕಡೆಯ ಪಾತ್ರವು ‘ಪೊಲೀಸ್ ಕರೆ ೧೧೦’ ಎಂಬ ಮಾಲಿಕೆಯಲ್ಲಿ ೨೦೦೪ರಲ್ಲಿ ಪ್ರಸಾರವಾದ ಒಂದು ಕಂತಿನಲ್ಲಿ. ಅದೇ ವರ್ಷ ಜುಲೈ ೧೦ರಂದು, ತೊಂಬತ್ತನಾಲ್ಕನೆಯ ವಯಸ್ಸಿನಲ್ಲಿ, ಹಾಂಬುರ್ಗಿನ ಬಳಿಯ ಬುಲ್ಲೆನ್‌ಹೌಸೆನ್ನಿನ ತನ್ನ ಮನೆಯಲ್ಲಿ ನಿಧನಹೊಂದಿದಳು. ೧೯೬೫ರಲ್ಲಿ ತೀರಿಕೊಂಡಿದ್ದ ಓಲ್ಡೆನನ ಮಗ್ಗುಲಲ್ಲಿ, ಹಾಂಬುರ್ಗಿನ ಓಲ್ಸ್‌ಡೋರ್ಫ್ ಸ್ಮಶಾನದಲ್ಲಿ ಸಮಾಧಿಯಾಯಿತು.

ಮೇಲೆ ಹೇಳಿದ ಮೂರು ಸಂಗತಿಗಳು ಬಿರುದಿಗೆ ವಿರುದ್ಧವೆಂದು ತೋರಿದರೂ, ವಿಚಾರಿಸಿದರೆ, ಅದಕ್ಕೆ ಸಾರ್ಥಕತೆಯನ್ನು ತಂದವು ಅವೇ. ರಕ್ತದಿಂದ ರಾಷ್ಟ್ರವನ್ನು ಅಳೆದು, ಹೆರಿಗೆಯಿಂದ ತಾಯಿಯನ್ನು ಅಳೆದು ನಾಶವಾದ ದೇಶವೊಂದು, ಆ ಎರಡು ಅಳತೆಗಳಿಗೂ ಸಲ್ಲದ ಒಬ್ಬಳಲ್ಲಿ ತನ್ನ ತಾಯಿಯನ್ನು ಕಂಡಿತು. ತಾನು ಮಾಡಿದುದನ್ನು ಮರೆಯುವುದಕ್ಕೆ ಹಾಗೆ ಕಂಡಿತೋ, ನೆನೆಯುವುದಕ್ಕೆ ಹಾಗೆ ಕಂಡಿತೋ ಎಂಬುದು ಪ್ರೇಕ್ಷಕನೊಬ್ಬೊಬ್ಬನ ಮನಸ್ಸಿಗೆ ಬಿಟ್ಟ ಮಾತು. ಮರೆಯುವುದಕ್ಕೆ ಮಾತ್ರ ಆ ನಟಿಯು ಅವಕಾಶ ಕೊಡಲಿಲ್ಲ. ಪಾತ್ರವನ್ನು ಪೂರ್ಣವಾಗಿ ಕೊಟ್ಟಳು, ತನ್ನನ್ನು ಕೊಡಲಿಲ್ಲ.